ಬೆಳದಿಂಗಳ ಹಿಮದಲ್ಲಿ ಹಣೆಯ ದೀಪ: ಮೂರು ಚಳಿಗಾಲ ಬಳಸಿದ ಹೆಡ್‌ಲ್ಯಾಂಪಿನ ವಿಮರ್ಶೆ

ಹುಣ್ಣಿಮೆಯ ರಾತ್ರಿ ಸ್ಕೀಯಿಂಗ್‌ಗೆ ಹೋಗುವವರಿಗೆ ಹೆಡ್‌ಲ್ಯಾಂಪ್ ಯಾಕೆ ಬೇಕು ಎಂದು ಹಲವರು ನನ್ನನ್ನು ಕೇಳಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಮೋಡವಿಲ್ಲದ ಹುಣ್ಣಿಮೆಯಂದು ಮರಗಳಿಲ್ಲದ ತೆರೆದ ಇಳಿಜಾರಿನಲ್ಲಿ ದೀಪ ಹೊತ್ತಿಸದೆಯೇ ಕೆಳಗಿಳಿಯಬಹುದು; ಆ ಇಳಿತದ ಸುಖಕ್ಕಾಗಿಯೇ ಅಷ್ಟು ದೂರ ಹೋಗಿರುತ್ತೇವೆ. ಆದರೆ ಆ ಹತ್ತು ಹದಿನೈದು ನಿಮಿಷಗಳ ಹಿಂದೆ ಎರಡು ಮೂರು ಗಂಟೆಗಳ ಏರಿಕೆ ಇರುತ್ತದೆ, ಬೆಳಕು ತಲುಪದ ಕಾಡಿನ ಹಾದಿ ಇರುತ್ತದೆ, ತುದಿಯಲ್ಲಿ ನಿಂತು ಮಾಡಬೇಕಾದ ಕೈಕೆಲಸವಿರುತ್ತದೆ, ನಕ್ಷೆ ನೋಡುವುದಿರುತ್ತದೆ, ಏನಾದರೂ ಹೆಚ್ಚುಕಡಿಮೆಯಾದರೆ ಹಿಮದಡಿಯಿಂದ ಒಬ್ಬರನ್ನು ಹುಡುಕಿ ತೆಗೆಯಬೇಕಾದ ಹೊಣೆಯೂ ಇರುತ್ತದೆ. ಇವೆಲ್ಲಕ್ಕೂ ದೀಪ ಬೇಕು. ಕೇಳಿದಾಗ ಕೈಗೆ ಸಿಕ್ಕು, ಉಳಿದ ಹೊತ್ತೆಲ್ಲ ಕಣ್ಣಿನ ತಂಟೆಗೆ ಬಾರದೆ ಇರುವ ದೀಪ ಬೇಕು. ಮೂರು ಚಳಿಗಾಲಗಳಿಂದ ಒಂದೇ ಹೆಡ್‌ಲ್ಯಾಂಪನ್ನು ಈ ಕೆಲಸಕ್ಕೆ ಬಳಸಿ ನೋಡಿದ ಮೇಲೆ ಅದರ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಮಾದರಿಗಳ ಹೆಸರು ಆಗಾಗ ಬದಲಾಗುತ್ತಲೇ ಇರುತ್ತದೆ, ಆದರೆ ನಾನು ಹೇಳಲಿರುವ ವಿನ್ಯಾಸದ ಅಂಶಗಳು ಹೆಚ್ಚಿನ ಕಂಪನಿಗಳ ದೀಪಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ಎದುರಾಗುತ್ತವೆ. ಓದುವವರು ತಮ್ಮ ಕೈಯಲ್ಲಿರುವ ದೀಪವನ್ನೇ ಇದರ ಪಕ್ಕದಲ್ಲಿಟ್ಟು ಪರೀಕ್ಷಿಸಿಕೊಳ್ಳಬಹುದು.

ಈ ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು ಹೇಳುತ್ತೇನೆ. ಮೇಲಕ್ಕೊಯ್ಯುವ ಲಿಫ್ಟ್ ಇಲ್ಲದ, ಯಂತ್ರ ಓಡಿಸಿ ಹಿಮವನ್ನು ಹದಗೊಳಿಸಿರದ, ಕಾವಲು ಪಡೆಯೂ ಇಲ್ಲದ ಬೆಟ್ಟಗಳಲ್ಲಿ ಸ್ವಂತ ಕಾಲಿನ ಬಲದಿಂದ ಹತ್ತಿ ಇಳಿಯುವುದಕ್ಕೆ ಬ್ಯಾಕ್‌ಕಂಟ್ರಿ ಸ್ಕೀಯಿಂಗ್ ಎನ್ನುತ್ತಾರೆ. ಹತ್ತುವಾಗ ಸ್ಕೀಗಳ ತಳಕ್ಕೆ ಒಂದೇ ದಿಕ್ಕಿಗೆ ಮಲಗಿದ ರೋಮಗಳಿರುವ ಉದ್ದನೆಯ ಪಟ್ಟಿಗಳನ್ನು ಅಂಟಿಸುತ್ತಾರೆ. ಒಂದು ಕಾಲಕ್ಕೆ ಸೀಲ್ ಪ್ರಾಣಿಯ ಚರ್ಮದಿಂದ ಮಾಡುತ್ತಿದ್ದ ಕಾರಣ ಅವಕ್ಕೆ ಇಂದಿಗೂ ಸ್ಕಿನ್ ಎಂದೇ ಹೆಸರು. ಈಗಿನವು ಮೊಹೇರ್ (ಅಂಗೋರಾ ಮೇಕೆಯ ಕೂದಲು) ಅಥವಾ ನೈಲಾನಿನವು. ಮುಂದಕ್ಕೆ ಸರಾಗವಾಗಿ ಜಾರುವ ಈ ಪಟ್ಟಿ ಹಿಂದಕ್ಕೆ ಜಾರಗೊಡುವುದಿಲ್ಲ. ಹಿಮ್ಮಡಿಯನ್ನು ಬಿಡುಗಡೆಯಾಗಿ ಇಟ್ಟು ನಡೆಯುತ್ತಾ ತುದಿ ತಲುಪಿದ ಮೇಲೆ ಸ್ಕಿನ್ ಕಿತ್ತು, ಮಡಚಿ, ಬೂಟನ್ನು ಬಿಗಿಮಾಡಿ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗಿಗೆ ಹಿಮ್ಮಡಿಯನ್ನು ಸಿಕ್ಕಿಸಿಕೊಂಡು ಇಳಿಯಬೇಕು. ಹಗಲಿನಲ್ಲಿ ಐದು ನಿಮಿಷದಲ್ಲಿ ಮುಗಿಯುವ ಈ ಕೆಲಸ ರಾತ್ರಿಯ ಚಳಿಯಲ್ಲಿ ದೀಪದ ನಿಜವಾದ ಪರೀಕ್ಷೆಯಾಗಿ ನಿಲ್ಲುತ್ತದೆ.

ನಾನು ಬಳಸುತ್ತಿರುವ ದೀಪದ ಡಬ್ಬಿಯ ಮೇಲೆ ಗರಿಷ್ಠ 400 ಲುಮೆನ್ (ದೀಪ ಹೊರಸೂಸುವ ಒಟ್ಟು ಬೆಳಕಿನ ಅಳತೆ) ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಕನಿಷ್ಠ 6 ಲುಮೆನ್ ಎಂಬುದನ್ನು ಒಳಗಿನ ಕೈಪಿಡಿಯಲ್ಲಿ ಹುಡುಕಿ ಓದಬೇಕಾಯಿತು. ಬಿಳಿ ಬೆಳಕಿಗೆ ಮೂರು ಹಂತಗಳಿವೆ, ಪ್ರತ್ಯೇಕವಾದ ಕೆಂಪು ಎಲ್‌ಇಡಿ ಇದೆ, ಎಲ್ಲಕ್ಕೂ ಸೇರಿ ಒಂದೇ ಗುಂಡಿ ಇದೆ. ಮರುಚಾರ್ಜ್ ಮಾಡಬಹುದಾದ ಲಿಥಿಯಂ-ಅಯಾನ್ ಬ್ಯಾಟರಿಯನ್ನು ತಲೆಯ ಹಿಂಬದಿಯಲ್ಲಿ ಇಡಬಹುದು, ಅಥವಾ ಜೊತೆಗೆ ಕೊಟ್ಟಿರುವ ತಂತಿಯ ಮೂಲಕ ಜಾಕೆಟಿನ ಒಳಗೆ ಇಟ್ಟುಕೊಳ್ಳಬಹುದು. ಕೊಳ್ಳುವಾಗ ನಾನೂ ಎಲ್ಲರಂತೆ 400 ಎಂಬ ಅಂಕಿಯನ್ನೇ ನೋಡಿದ್ದೆ. ಈಗ ಕೇಳಿದರೆ, ಬೆಳದಿಂಗಳಿನಲ್ಲಿ ಬಳಸುವ ದೀಪವನ್ನು ಅದರ ಅತಿ ಕಡಿಮೆ ಬೆಳಕಿನಿಂದ ಅಳೆಯಬೇಕು ಎನ್ನುತ್ತೇನೆ. ಆ ಕಡಿಮೆ ಬೆಳಕಿಗೆ ಎಷ್ಟು ಬೇಗ ಹೋಗಿ, ಎಷ್ಟು ಬೇಗ ಮತ್ತೆ ಕತ್ತಲಿಗೆ ಮರಳಬಹುದು ಎಂಬುದೇ ಅದರ ಬೆಲೆಯನ್ನು ತೀರ್ಮಾನಿಸುತ್ತದೆ.

ಇದಕ್ಕೆ ಕಾರಣ ಬೆಳದಿಂಗಳಿನ ಸ್ವಭಾವದಲ್ಲೇ ಇದೆ. ನಿರಭ್ರವಾದ ಆಕಾಶದಲ್ಲಿ ಎತ್ತರಕ್ಕೆ ಏರಿದ ಹುಣ್ಣಿಮೆಯ ಚಂದ್ರ ನೆಲಕ್ಕೆ ಕೊಡುವ ಬೆಳಕು ಸುಮಾರು 0.25 ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ), ನಡುಹಗಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಅಂದರೆ ಬಿಸಿಲಿನ ನಾಲ್ಕು ಲಕ್ಷದ ಒಂದು ಪಾಲಿನಷ್ಟು ಬೆಳಕಿನಲ್ಲಿ ನಾವು ಬೆಟ್ಟ ಹತ್ತುತ್ತಿರುತ್ತೇವೆ. ಆ ಅಲ್ಪ ಬೆಳಕು ಸಾಲುವುದು ಎರಡು ಕಾರಣಗಳಿಂದ. ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ನೂರಕ್ಕೆ 80ರಿಂದ 90 ಪಾಲನ್ನು ಹಿಂದಕ್ಕೆ ಚೆಲ್ಲುತ್ತದೆ, ಆದ್ದರಿಂದ ನೆಲವೇ ದೀಪವಾಗುತ್ತದೆ. ಎರಡನೆಯದಾಗಿ, ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿರುವ ಸರಳುಕೋಶಗಳು ಕತ್ತಲಿಗೆ ಹೊಂದಿಕೊಳ್ಳುತ್ತವೆ; ಆದರೆ ಅದಕ್ಕೆ 20ರಿಂದ 30 ನಿಮಿಷ ಬೇಕು. ಅಷ್ಟು ಹೊತ್ತು ಕಾದು ಗಳಿಸಿದ ದೃಷ್ಟಿ ಪ್ರಖರವಾದ ಬಿಳಿ ಬೆಳಕಿಗೆ ಕೆಲವೇ ಕ್ಷಣಗಳಲ್ಲಿ ಕಳೆದುಹೋಗುತ್ತದೆ, ಮತ್ತೆ ಮೊದಲಿನಿಂದ ಕಾಯಬೇಕು. ಹಗಲಿನಲ್ಲಿ ಯಾವ ಲೆಕ್ಕಕ್ಕೂ ಬಾರದ ಈ ಸಂಗತಿ ರಾತ್ರಿಯ ಸ್ಕೀಯಿಂಗ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಸಂಗತಿ.

ಈಗ ಗುಂಡಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ಮುಖ್ಯ ದೂರು ಅದರ ಮೇಲೆಯೇ ಇದೆ. ಈ ದೀಪವನ್ನು ಒಮ್ಮೆ ಒತ್ತಿದರೆ ಮೊದಲು ಹೊತ್ತಿಕೊಳ್ಳುವುದು ಗರಿಷ್ಠ ಬೆಳಕು. ಎರಡನೆಯ ಒತ್ತಿಗೆ ಮಧ್ಯಮ, ಮೂರನೆಯದಕ್ಕೆ ಕನಿಷ್ಠ. ಕೆಂಪು ಬೇಕಾದರೆ ಹೊತ್ತಿರುವ ದೀಪದ ಗುಂಡಿಯನ್ನೇ ಮೂರು ಸೆಕೆಂಡು ಹಿಡಿದಿಡಬೇಕು. ಮೊದಲ ಚಳಿಗಾಲದ ಒಂದು ಹುಣ್ಣಿಮೆಯಂದು ಏರು ಮುಗಿಸಿ ಬೋಳು ದಿಬ್ಬದ ನೆತ್ತಿಯಲ್ಲಿ ನಿಂತಿದ್ದೆವು. ಕಾಡು ದಾಟಿದ ಮೇಲೆ ಮುಕ್ಕಾಲು ಗಂಟೆ ದೀಪ ಹಚ್ಚಿರಲಿಲ್ಲ; ಕೆಳಗಿನ ಕಣಿವೆಯ ಒಂದೊಂದು ಮರವೂ ತನ್ನ ನೆರಳಿನ ಸಮೇತ ಬೇರೆಬೇರೆಯಾಗಿ ಕಾಣುತ್ತಿತ್ತು, ಎದುರಿನ ಕೋಡಿನ ಮೇಲೆ ಗಾಳಿ ಎಬ್ಬಿಸಿದ ಹಿಮದ ಧೂಳು ಎಳೆಎಳೆಯಾಗಿ ಹಾರುವುದು ತಿಳಿಯುತ್ತಿತ್ತು. ಬೈಂಡಿಂಗಿನ ಸಣ್ಣ ಮೊಳೆಗಳ ನಡುವೆ ಹಿಮ ಗಟ್ಟಿಯಾಗಿ ಕೂತಿದ್ದರಿಂದ ಬೂಟು ಸಿಕ್ಕಿಕೊಳ್ಳಲಿಲ್ಲ. ಕೆಂಪು ಬೆಳಕು ಸಾಕೆಂದು ಗುಂಡಿ ಒತ್ತಿದೆ. 400 ಲುಮೆನ್ ಬೆಳಕು ಒಂದು ಮೊಳ ದೂರದ ಬಿಳಿ ಹಿಮಕ್ಕೆ ಹೊಡೆದು ನೇರವಾಗಿ ಕಣ್ಣಿಗೆ ಮರಳಿತು. ದಪ್ಪ ಗವಸಿನ ಬೆರಳಿಗೆ ಗುಂಡಿ ಸರಿಯಾಗಿ ಸಿಗದೆ ಮೂರು ಸೆಕೆಂಡಿನ ಹಿಡಿತ ಎರಡು ಸಲ ತಪ್ಪಿ, ಅಂತೂ ದೀಪ ಕೆಂಪಾಗುವಷ್ಟರಲ್ಲಿ ಹತ್ತು ಸೆಕೆಂಡು ಕಳೆದಿರಬೇಕು. ಮೊಳೆಗಳ ನಡುವಿನ ಹಿಮವನ್ನು ಕೆದಕಿ, ಬೂಟು ಸಿಕ್ಕಿಸಿ, ದೀಪ ಆರಿಸಿ ತಲೆಯೆತ್ತಿದಾಗ ಕಣಿವೆಯೇ ಇರಲಿಲ್ಲ. ಕಣ್ಣ ಮುಂದೆ ಒಂದು ಬೂದು ಗೋಡೆ, ಅದರ ನಡುವೆ ತೇಲುವ ಹಸಿರು ಮಚ್ಚೆ. ಜೊತೆಯಲ್ಲಿದ್ದ ಹಿರಿಯರು, ‘ಅವಸರ ಮಾಡಬೇಡಿ, ಕಣ್ಣು ಬರಲಿ’ ಎಂದಷ್ಟೇ ಹೇಳಿ ಬೆನ್ನಿನ ಚೀಲದ ಮೇಲೆ ಕೂತರು. ಬೆವರಿದ ಮೈ ಆರತೊಡಗಿದ್ದ ಆ ಗಾಳಿಯಲ್ಲಿ ನನ್ನ ಒಂದು ತಪ್ಪು ಒತ್ತಿಗಾಗಿ ನಾಲ್ವರು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾದೆವು.

ಗರಿಷ್ಠ ಬೆಳಕಿನಿಂದಲೇ ಆರಂಭವಾಗುವ ದೀಪವನ್ನು ಆಯ್ದವರಿಗೆ ಅವರದೇ ಆದ ಕಾರಣವಿರಬಹುದು. ಕೆಟ್ಟುನಿಂತ ವಾಹನದ ಪಕ್ಕದಲ್ಲಿಯೋ ಕತ್ತಲ ಗುಹೆಯಲ್ಲಿಯೋ ಅದು ಅನುಕೂಲವೇ. ಹಿಮದ ಮೇಲೆ ಮಾತ್ರ ಅದು ದೊಡ್ಡ ದೋಷ. ಕೊನೆಯ ಸಲ ಬಳಸಿದ ಹಂತವನ್ನು ನೆನಪಿಟ್ಟುಕೊಂಡು ಅಲ್ಲಿಂದಲೇ ಆರಂಭವಾಗುವ ದೀಪಗಳೂ, ಬಿಳಿಗೂ ಕೆಂಪಿಗೂ ಬೇರೆಬೇರೆ ಗುಂಡಿಗಳಿರುವ ದೀಪಗಳೂ ಇವೆ. ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲಿಯೇ ಗವಸು ಹಾಕಿಕೊಂಡು, ಕಣ್ಣು ಮುಚ್ಚಿ, ಆರಿರುವ ದೀಪವನ್ನು ಬಿಳಿಯ ಹಂತವನ್ನು ಮುಟ್ಟದೆ ಕೆಂಪಿಗೆ ತರಲಾಗುತ್ತದೆಯೇ ಎಂದು ನೋಡಬೇಕು. ಈ ಒಂದು ಪರೀಕ್ಷೆಯಲ್ಲಿ ಗೆಲ್ಲದ ದೀಪವನ್ನು, ಅದರ ಉಳಿದ ಗುಣಗಳು ಏನೇ ಇರಲಿ, ಬೆಳದಿಂಗಳಿನ ಪ್ರಯಾಣಕ್ಕೆ ನಾನು ಶಿಫಾರಸು ಮಾಡುವುದಿಲ್ಲ.

ಕೆಂಪು ಬೆಳಕಿನ ಬಗ್ಗೆ ನನಗೆ ಒಳ್ಳೆಯ ಮಾತುಗಳೇ ಇವೆ. ಸರಳುಕೋಶಗಳು ಹಸಿರುನೀಲಿ ಬೆಳಕಿಗೆ ಅತಿ ಹೆಚ್ಚು ಸ್ಪಂದಿಸುತ್ತವೆ, ಗಾಢ ಕೆಂಪಿಗೆ ಬಹುಮಟ್ಟಿಗೆ ಕುರುಡಾಗಿರುತ್ತವೆ; ಹಾಗಾಗಿ ಮಂದವಾದ ಕೆಂಪು ದೀಪದಲ್ಲಿ ಸ್ಕಿನ್ ಮಡಚಿ, ಬೂಟಿನ ಪಟ್ಟಿ ಬಿಗಿದು, ಚೀಲ ಮುಚ್ಚಿದ ಮೇಲೂ ಕತ್ತಲಿಗೆ ಒಗ್ಗಿದ ಕಣ್ಣು ಹೆಚ್ಚೇನೂ ಕೆಡದೆ ಉಳಿಯುತ್ತದೆ. ಈ ದೀಪದ ಕೆಂಪು ಎಲ್‌ಇಡಿ ತಕ್ಕಷ್ಟು ಮಂದವಾಗಿದೆ, ಬೆಳಕು ಅಗಲವಾಗಿ ಹರಡುತ್ತದೆ, ಜೊತೆಗಾರರ ಮುಖದ ಕಡೆ ತಿರುಗಿದರೂ ಅವರ ಕಣ್ಣು ಕೋರೈಸುವುದಿಲ್ಲ. ಗುಂಪಿನಲ್ಲಿ ಹೋಗುವಾಗ ಈ ಕೊನೆಯ ಗುಣಕ್ಕೆ ತುಂಬ ಬೆಲೆಯಿದೆ, ಏಕೆಂದರೆ ಹಣೆಗೆ ದೀಪ ಕಟ್ಟಿಕೊಂಡವರು ಮಾತನಾಡಲು ಯಾರ ಕಡೆ ತಿರುಗುತ್ತಾರೋ ಅವರ ಕಣ್ಣಿಗೇ ಬೆಳಕು ಬೀಳುತ್ತದೆ, ಮತ್ತು ಗುಂಪಿನ ಇರುಳುದೃಷ್ಟಿ ಅವರಲ್ಲಿ ಅತಿ ಅಜಾಗರೂಕರಾದವರ ಕೈಯಲ್ಲಿರುತ್ತದೆ. ಆದರೆ ಕೆಂಪಿಗೆ ಒಂದು ಮಿತಿಯುಂಟು. ನಕ್ಷೆಗಳಲ್ಲಿ ಎತ್ತರ ತೋರಿಸುವ ರೇಖೆಗಳನ್ನು ಸಾಮಾನ್ಯವಾಗಿ ಕಂದು ಅಥವಾ ಕಿತ್ತಳೆ ಬಣ್ಣದಲ್ಲಿ ಅಚ್ಚುಮಾಡಿರುತ್ತಾರೆ. ಕೆಂಪು ಬೆಳಕಿನಲ್ಲಿ ಅವು ಕಾಗದದೊಳಗೆ ಕರಗಿಹೋಗುತ್ತವೆ. ಕಡಿದಾದ ಜಾಗ ಎಲ್ಲಿದೆ ಎಂದು ನೋಡಲು ನಕ್ಷೆ ತೆರೆದವರಿಗೆ ಅದೊಂದೇ ಮಾಹಿತಿ ಕಾಣದೆ ಹೋಗುವುದು ಸಣ್ಣ ವಿಷಯವಲ್ಲ. ಅದಕ್ಕಾಗಿ ನಾನು ಹೊರಡುವ ಮುಂಚೆಯೇ ಮೂವತ್ತು ಡಿಗ್ರಿಗಿಂತ ಕಡಿದಾದ ಭಾಗಗಳ ಸುತ್ತ ಕಪ್ಪು ಪೆನ್ನಿನಿಂದ ಗೆರೆ ಎಳೆದುಕೊಂಡಿರುತ್ತೇನೆ.

ಬಿಳಿ ಬೆಳಕಿನ ಕನಿಷ್ಠ ಹಂತ ಕಾಡಿನ ಹಾದಿಗೆ ಸರಿಯಾಗಿದೆ. ಮರಗಳ ದಟ್ಟ ನೆರಳಿನಲ್ಲಿ ಬೆಳದಿಂಗಳು ಚುಕ್ಕೆಚುಕ್ಕೆಯಾಗಿ ಬೀಳುವುದರಿಂದ ಅಲ್ಲಿ ದೀಪವಿಲ್ಲದೆ ನಡೆಯುವುದು ಕಷ್ಟ. 6 ಲುಮೆನ್ ಬೆಳಕು ಮುಂದಿನ ನಾಲ್ಕೈದು ಮೀಟರ್ ಹಾದಿಯನ್ನು ತೋರಿಸುತ್ತದೆ, ಹತ್ತುವವರ ನಿಧಾನ ನಡಿಗೆಗೆ ಅದು ಧಾರಾಳವಾಗಿ ಸಾಕು. ಇಲ್ಲೊಂದು ವಿಚಿತ್ರವನ್ನು ಗಮನಿಸಿದ್ದೇನೆ. ದೀಪ ಹಣೆಯ ಮೇಲೆ, ಅಂದರೆ ಕಣ್ಣಿಗೆ ತೀರ ಹತ್ತಿರದಲ್ಲಿ ಇರುವುದರಿಂದ, ಹಿಮದ ಉಬ್ಬುತಗ್ಗುಗಳ ನೆರಳು ಆಯಾ ಉಬ್ಬಿನ ಹಿಂದೆಯೇ ಅಡಗಿ ನಮಗೆ ಕಾಣುವುದಿಲ್ಲ. ಗಾಳಿ ಕೆತ್ತಿದ ಏಣುಗಳೂ ಹಳೆಯ ಸ್ಕೀ ಗೆರೆಗಳೂ ಒರೆಸಿಹಾಕಿದಂತೆ ಮಾಯವಾಗಿ ನೆಲವೆಲ್ಲ ಒಂದೇ ಬಿಳಿ ಬಟ್ಟೆಯಾಗಿಬಿಡುತ್ತದೆ. ಅದೇ ದೀಪವನ್ನು ಕಳಚಿ ಸೊಂಟದ ಎತ್ತರದಲ್ಲಿ ಕೈಯಲ್ಲಿ ಹಿಡಿದರೆ ಪ್ರತಿಯೊಂದು ಏಣಿಗೂ ಉದ್ದನೆಯ ನೆರಳು ಬಂದು ನೆಲದ ಮೈ ತಟ್ಟನೆ ಎದ್ದು ಕಾಣುತ್ತದೆ. ಈ ದೀಪದ ಪಟ್ಟಿಯನ್ನು ಸೊಂಟದ ಬೆಲ್ಟಿಗೆ ಸಿಕ್ಕಿಸಲು ಬರುತ್ತದೆ. ಅದು ತಯಾರಕರು ಯೋಚಿಸಿ ಮಾಡಿದ್ದೋ ತಾನಾಗಿ ಒದಗಿದ್ದೋ ತಿಳಿಯದು, ನನಗಂತೂ ಬಹಳ ಉಪಯೋಗಕ್ಕೆ ಬಂದಿದೆ. ಹಿಮ ಬೀಳುತ್ತಿರುವಾಗಲೂ ಮಂಜು ಕವಿದಾಗಲೂ ಇದೇ ಉಪಾಯ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಹಣೆಯ ದೀಪ ಅಂಥ ಹೊತ್ತಿನಲ್ಲಿ ಕಣ್ಣ ಮುಂದಿನ ಕಣಗಳನ್ನಷ್ಟೇ ಬೆಳಗಿ ಬಿಳಿ ತೆರೆ ಎಳೆದುಬಿಡುತ್ತದೆ. ತೀವ್ರ ಚಳಿಯಲ್ಲಿ ನಮ್ಮ ಉಸಿರಿನ ಆವಿಯೂ ಅದೇ ಕೆಲಸ ಮಾಡುತ್ತದೆ. ಏದುಸಿರು ಬಿಡುತ್ತಾ ಹತ್ತುವಾಗ ಪ್ರತಿ ಉಸಿರಿಗೂ ಹಾದಿ ಒಮ್ಮೆ ಮುಚ್ಚಿ ಒಮ್ಮೆ ತೆರೆಯುತ್ತದೆ.

ಬ್ಯಾಟರಿಯ ವಿಷಯದಲ್ಲಿ ಡಬ್ಬಿಯ ಮೇಲಿನ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಹೆಚ್ಚಿನ ಕಂಪನಿಗಳು ಅನುಸರಿಸುವ, ಕೈದೀಪ ಹಣೆದೀಪಗಳಿಗಾಗಿರುವ ಅಮೆರಿಕದ ಎಎನ್‌ಎಸ್‌ಐ ಎಫ್‌ಎಲ್-1 ಮಾನದಂಡದಲ್ಲಿ, ದೀಪದ ಬೆಳಕು ಆರಂಭದ ಬೆಳಕಿನ ನೂರಕ್ಕೆ 10ರಷ್ಟಕ್ಕೆ ಇಳಿಯುವವರೆಗಿನ ಸಮಯವನ್ನು ಬಾಳಿಕೆಯ ಸಮಯವೆಂದು ಲೆಕ್ಕ ಹಾಕುತ್ತಾರೆ. ಆದ್ದರಿಂದ 400 ಲುಮೆನ್‌ನಲ್ಲಿ ಇಷ್ಟು ಗಂಟೆ ಎಂದು ಬರೆದಿದ್ದರೆ ಅಷ್ಟೂ ಗಂಟೆ 400 ಲುಮೆನ್ ಸಿಗುತ್ತದೆ ಎಂದು ಅರ್ಥವಲ್ಲ; ಆ ಅವಧಿಯ ಕೊನೆಗೆ 40 ಲುಮೆನ್ ಉಳಿದಿದ್ದರೂ ಮಾತು ತಪ್ಪಿದಂತಾಗುವುದಿಲ್ಲ. ಹಿಮದ ಚಳಿ ಇದರ ಮೇಲೆ ಇನ್ನಷ್ಟು ಕಡಿತ ಮಾಡುತ್ತದೆ. ಲಿಥಿಯಂ-ಅಯಾನ್ ಕೋಶದೊಳಗಿನ ರಾಸಾಯನಿಕ ಕ್ರಿಯೆ ಚಳಿಗೆ ನಿಧಾನವಾಗಿ, ಒಳಗೆ ಶಕ್ತಿ ಉಳಿದಿರುವಾಗಲೇ ದೀಪ ಮಂಕಾಗುತ್ತದೆ. ಸಾಮಾನ್ಯ ಆಲ್ಕಲೈನ್ ಬ್ಯಾಟರಿಗಳ ಸ್ಥಿತಿ ಇನ್ನೂ ಕಷ್ಟ. ಮರುಚಾರ್ಜ್ ಆಗದ ಲಿಥಿಯಂ ಬ್ಯಾಟರಿಗಳು ಮಾತ್ರ ಮೈನಸ್ 40 ಡಿಗ್ರಿ ಸೆಲ್ಸಿಯಸ್‌ವರೆಗೂ ಕೆಲಸ ಮಾಡುತ್ತವೆ. ಈ ದೀಪದ ತಂತಿಯ ವ್ಯವಸ್ಥೆ ಇದಕ್ಕೆ ಸರಿಯಾದ ಪರಿಹಾರ. ಬ್ಯಾಟರಿಯನ್ನು ಜಾಕೆಟಿನೊಳಗೆ ಮೈಯ ಬಿಸಿಗೆ ತಾಗಿಸಿಟ್ಟುಕೊಂಡ ರಾತ್ರಿಗಳಲ್ಲಿ ಐದಾರು ಗಂಟೆಯ ಪ್ರಯಾಣ ಮುಗಿದ ಮೇಲೂ ಸೂಚಕ ದೀಪ ಹಸಿರಾಗಿಯೇ ಇರುತ್ತಿತ್ತು. ತಲೆಯ ಹಿಂದೆ ಇಟ್ಟುಕೊಂಡ ರಾತ್ರಿಗಳಲ್ಲಿ ಅದು ಅರ್ಧ ದಾರಿಯಲ್ಲೇ ಕೆಂಪಿಗೆ ತಿರುಗಿದ್ದುಂಟು. ಇನ್ನೊಂದು ಮಾತನ್ನು ಕೈಪಿಡಿ ಸಣ್ಣ ಅಕ್ಷರಗಳಲ್ಲಿ ಹೇಳಿದೆ, ಅದನ್ನು ದಪ್ಪದಾಗಿ ಅಚ್ಚುಹಾಕಬೇಕಿತ್ತು: ಶೂನ್ಯ ಡಿಗ್ರಿಗಿಂತ ಕೆಳಗಿನ ಉಷ್ಣತೆಯಲ್ಲಿ ಇಂಥ ಬ್ಯಾಟರಿಗೆ ಚಾರ್ಜ್ ಮಾಡಬಾರದು. ಮರಗಟ್ಟಿದ ಬ್ಯಾಟರಿಯನ್ನು ಬಂದ ತಕ್ಷಣ ಚಾರ್ಜಿಗೆ ಹಾಕಿದರೆ ಕೋಶದೊಳಗೆ ಲೋಹದ ಲಿಥಿಯಂ ಪದರ ಕಟ್ಟಿ ಅದು ಶಾಶ್ವತವಾಗಿ ಹಾಳಾಗುತ್ತದೆ.

ತಂತಿಯ ಅನುಕೂಲದ ಜೊತೆಗೇ ಒಂದು ಅಪಾಯವೂ ಬರುತ್ತದೆ, ಅದನ್ನು ಕೈಪಿಡಿ ಎಲ್ಲಿಯೂ ಹೇಳುವುದಿಲ್ಲ. ಹಿಮಕುಸಿತದಲ್ಲಿ ಹೂತುಹೋದವರನ್ನು ಪತ್ತೆಹಚ್ಚಲು ಗುಂಪಿನ ಪ್ರತಿಯೊಬ್ಬರೂ ಎದೆಯ ಮೇಲೆ ಟ್ರಾನ್ಸೀವರ್, ಅಂದರೆ ರೇಡಿಯೋ ಸಂಕೇತ ಕಳಿಸುವ ಮತ್ತು ಇತರರ ಸಂಕೇತ ಹುಡುಕುವ ಸಣ್ಣ ಯಂತ್ರ, ಕಟ್ಟಿಕೊಂಡಿರುತ್ತಾರೆ. ಜಗತ್ತಿನೆಲ್ಲೆಡೆ ಇವು 457 ಕಿಲೋಹರ್ಟ್ಸ್ ಎಂಬ ಒಂದೇ ಆವರ್ತಾಂಕದಲ್ಲಿ ಕೆಲಸ ಮಾಡುತ್ತವೆ, ಆದ್ದರಿಂದ ಯಾವ ಕಂಪನಿಯ ಯಂತ್ರ ಯಾರದನ್ನು ಬೇಕಾದರೂ ಹುಡುಕಬಲ್ಲದು. ಆದರೆ ಮೊಬೈಲ್, ದೀಪದ ವಿದ್ಯುನ್ಮಂಡಲ, ಬಿಸಿಮಾಡುವ ಗವಸು ಇಂಥವು ಹತ್ತಿರ ಬಂದರೆ ಅದರ ಸಂಕೇತ ಕೆಡುತ್ತದೆ. ಕಳಿಸುವ ಸ್ಥಿತಿಯಲ್ಲಿ ಕನಿಷ್ಠ 20 ಸೆಂಟಿಮೀಟರ್, ಹುಡುಕುವ ಸ್ಥಿತಿಯಲ್ಲಿ ಕನಿಷ್ಠ 50 ಸೆಂಟಿಮೀಟರ್ ಅಂತರ ಇರಬೇಕೆಂಬುದು ಎಲ್ಲರೂ ಕಲಿಯುವ ನಿಯಮ. ಬೆಚ್ಚಗಿರಲೆಂದು ಬ್ಯಾಟರಿಯನ್ನು ಜಾಕೆಟಿನ ಎದೆಯ ಜೇಬಿನಲ್ಲಿ ಇಟ್ಟುಕೊಂಡವರು ಅದನ್ನು ಟ್ರಾನ್ಸೀವರಿನ ಮೇಲೆಯೇ ಇಟ್ಟಂತಾಗುತ್ತದೆ. ಮನೆಯಂಗಳದ ಅಭ್ಯಾಸದಲ್ಲಿ ಒಮ್ಮೆ ನನ್ನ ಟ್ರಾನ್ಸೀವರಿನ ಬಾಣ ಎಲ್ಲಿಯೂ ನಿಲ್ಲದೆ ಎಡಕ್ಕೂ ಬಲಕ್ಕೂ ಹೊಯ್ದಾಡಿದಾಗ, ಬ್ಯಾಟರಿಯನ್ನು ತೆಗೆದು ಬೆನ್ನ ಚೀಲಕ್ಕೆ ಹಾಕಿದ ಕೂಡಲೇ ಅದು ನೆಟ್ಟಗೆ ನಿಂತಿತು. ಅಂದಿನಿಂದ ಬ್ಯಾಟರಿಯನ್ನು ಬೆನ್ನಿನ ಕೆಳಭಾಗದಲ್ಲಿ, ಒಳಂಗಿಗೂ ಜಾಕೆಟಿಗೂ ನಡುವಿನ ಪಟ್ಟಿಯಲ್ಲಿ ಕಟ್ಟಿಕೊಳ್ಳುತ್ತೇನೆ. ತಂತಿ ಅಲ್ಲಿಯವರೆಗೆ ಸರಿಯಾಗಿ ತಲುಪುತ್ತದೆ. ಇನ್ನೊಂದು ಗೇಣು ಉದ್ದವಿದ್ದಿದ್ದರೆ ಬಗ್ಗುವಾಗ ಎಳೆಯುತ್ತಿರಲಿಲ್ಲ.

ಗರಿಷ್ಠ ಬೆಳಕನ್ನು ನಾನು ಹಗುರವಾಗಿ ಕಂಡೆನೆಂದು ಯಾರೂ ತಿಳಿಯಬಾರದು. ಅದು ಇರಲೇಬೇಕು, ಒಂದೇ ಒಂದು ಸಂದರ್ಭಕ್ಕಾಗಿ. ಹಿಮಕುಸಿತದಲ್ಲಿ ಹೂತವರನ್ನು ಮೊದಲ 10ರಿಂದ 15 ನಿಮಿಷಗಳ ಒಳಗೆ ಹೊರತೆಗೆದರೆ ಬದುಕುವ ಸಾಧ್ಯತೆ ತುಂಬ ಹೆಚ್ಚು, ಆಮೇಲೆ ಅದು ಬಹಳ ಬೇಗ ಕುಸಿಯುತ್ತದೆ. ಹೊರಗಿನ ನೆರವು ಅಷ್ಟರೊಳಗೆ ಬರಲಾರದು, ರಾತ್ರಿಯಲ್ಲಂತೂ ಬರುವುದೇ ಇಲ್ಲ. ಇರುವವರೇ ಹುಡುಕಬೇಕು, ಅಗೆಯಬೇಕು. ಮೇಲೆ ಉಳಿದ ಗವಸು, ಕೋಲಿನ ತುದಿ, ಸ್ಕೀಯ ಅಂಚು ಇಂಥ ಸುಳಿವುಗಳು ಬೆಳದಿಂಗಳಿನಲ್ಲಿ ಹಿಮದ ಹೆಂಟೆಗಳ ನೆರಳಿನೊಂದಿಗೆ ಬೆರೆತುಹೋಗುತ್ತವೆ. ಆಗ ಇರುಳುದೃಷ್ಟಿಯ ಯೋಚನೆ ಬಿಟ್ಟು ಎಲ್ಲರೂ ಪೂರ್ತಿ ಬೆಳಕು ಹಾಕಬೇಕು. ನಮ್ಮ ಗುಂಪಿನ ಅಭ್ಯಾಸದಲ್ಲಿ ಈ ದೀಪದ ಗರಿಷ್ಠ ಬೆಳಕು ಮೂವತ್ತು ನಲವತ್ತು ಮೀಟರ್ ದೂರದ ಕಪ್ಪು ಗವಸನ್ನು ಸ್ಪಷ್ಟವಾಗಿ ತೋರಿಸಿತು, ಹೂತವರನ್ನು ತಡಕುವ ಉದ್ದನೆಯ ಕೋಲಾದ ಪ್ರೋಬ್ ಚುಚ್ಚುವಾಗಲೂ ಸಲಿಕೆಯಿಂದ ಅಗೆಯುವಾಗಲೂ ಕೈಗೆ ಒಳ್ಳೆಯ ಬೆಳಕು ಕೊಟ್ಟಿತು. ಈ ವಿಷಯದಲ್ಲಿ ಅದಕ್ಕೆ ಪೂರ್ಣ ಅಂಕ ಕೊಡುತ್ತೇನೆ.

ಆದರೆ ಎಷ್ಟೇ ಪ್ರಖರವಾದ ದೀಪವೂ ರಾತ್ರಿಯಲ್ಲಿ ಇಳಿಜಾರಿನ ಅಪಾಯವನ್ನು ಅಳೆದು ಕೊಡುವುದಿಲ್ಲ. ಪದರ ಕಳಚಿ ಬರುವ ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಸಂಭವಿಸುತ್ತವೆ, ಬೆಳದಿಂಗಳು ಮಾತ್ರ ಎಲ್ಲ ಇಳಿಜಾರುಗಳನ್ನೂ ಇದ್ದದ್ದಕ್ಕಿಂತ ಮೃದುವಾಗಿ ತೋರಿಸುತ್ತದೆ. ತಲೆಯ ಮೇಲಿನ ಕೋಡಿನ ಅಂಚಿನಿಂದ ಹೊರಚಾಚಿದ ಹಿಮದ ಚಪ್ಪರ ಹಗಲಿನಲ್ಲಿ ದೂರದಿಂದಲೇ ಕಾಣುತ್ತದೆ, ರಾತ್ರಿಯಲ್ಲಿ ಅದು ಆಕಾಶದ ಅಂಚಿನಂತೆ ಇರುತ್ತದೆ. ಸ್ಕೀಯಿಂಗ್‌ಗೆ ಅತಿ ಸುಂದರವಾದ ರಾತ್ರಿ, ಅಂದರೆ ಗಾಳಿಯಿಲ್ಲದ, ಮೋಡವಿಲ್ಲದ, ಕೊರೆಯುವ ಚಳಿಯ ರಾತ್ರಿ, ಹಿಮದ ಮೇಲ್ಮೈ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಯ ತೇವವನ್ನು ಗರಿಯಂಥ ಹರಳುಗಳಾಗಿ ಬೆಳೆಸಿಕೊಳ್ಳುವ ರಾತ್ರಿಯೂ ಆಗಿರುತ್ತದೆ. ಕಾಲಡಿಯಲ್ಲಿ ಸಾವಿರಾರು ಹರಳುಗಳು ಮಿನುಗುವಾಗ ಉಂಟಾಗುವ ಸಂತೋಷವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಅವೇ ಹರಳುಗಳ ಮೇಲೆ ಮುಂದಿನ ವಾರ ಹೊಸ ಹಿಮ ಬಿದ್ದರೆ ಅವು ಒಳಗೆ ಉಳಿದು, ಮೇಲಿನ ಪದರವನ್ನು ಹಿಡಿದಿಡಲಾರದ ದುರ್ಬಲ ಪದರವಾಗುತ್ತವೆ. ಆದ ಕಾರಣ ಹಿಮಕುಸಿತದ ಮುನ್ಸೂಚನೆಯನ್ನು ಹಗಲಿನಲ್ಲೇ ಓದಿ, ಹಗಲಿನಲ್ಲಿ ಒಮ್ಮೆಯಾದರೂ ಹತ್ತಿ ಇಳಿದ ಹಾದಿಯನ್ನೇ ಆರಿಸಿ, 30 ಡಿಗ್ರಿಗಿಂತ ಕಡಿಮೆಯ, ಮೇಲ್ಗಡೆಯೂ ಕಡಿದಾದ ಮೈ ಇಲ್ಲದ ಇಳಿಜಾರುಗಳಲ್ಲಿ ಮಾತ್ರ ನಾವು ರಾತ್ರಿ ಹೋಗುತ್ತೇವೆ.

ದೀಪವನ್ನು ಎಷ್ಟು ಹೊತ್ತು ಬಳಸಬೇಕಾಗುತ್ತದೆ ಎಂಬುದು ಚಂದ್ರನ ಲೆಕ್ಕಾಚಾರಕ್ಕೆ ಬಿಟ್ಟದ್ದು. ಹುಣ್ಣಿಮೆಯಂದು ಚಂದ್ರ ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟಿ, ಆಮೇಲೆ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತಾ ಹೋಗುತ್ತಾನೆ. ಬೆಟ್ಟಗಳ ನಡುವೆ ಕೋಡನ್ನು ದಾಟಿ ಮೇಲೆ ಬರಲು ಇನ್ನೂ ಹೊತ್ತು ಬೇಕು. ಹುಣ್ಣಿಮೆಗೆ ಒಂದೆರಡು ದಿನ ಮುಂಚೆ ಹೋದರೆ ಕತ್ತಲಾಗುವಾಗಲೇ ಚಂದ್ರ ಮೇಲಿರುತ್ತಾನೆ, ಎರಡು ದಿನ ಕಳೆದು ಹೋದರೆ ಮೊದಲ ಎರಡು ಗಂಟೆ ದೀಪವೇ ಗತಿ. ಅರ್ಧಚಂದ್ರನ ರಾತ್ರಿ ಅರ್ಧದಷ್ಟು ಬೆಳಕು ಸಿಗುತ್ತದೆಂದು ಭಾವಿಸಿ ಹೊರಟವರು ನಿರಾಶರಾಗುತ್ತಾರೆ, ಏಕೆಂದರೆ ಆಗಿನ ಬೆಳಕು ಹುಣ್ಣಿಮೆಯ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಚಳಿಗಾಲದಲ್ಲಿ ಸೂರ್ಯ ಕೆಳಗೆ ಸಾಗುವುದರಿಂದ ಅವನಿಗೆ ಎದುರಾಗಿರುವ ಹುಣ್ಣಿಮೆಯ ಚಂದ್ರ ಆಕಾಶದಲ್ಲಿ ಬಲು ಎತ್ತರಕ್ಕೆ ಏರುತ್ತಾನೆ, ಇದು ನಮ್ಮಂಥವರಿಗೆ ಒದಗಿದ ಭಾಗ್ಯ. ಮೋಡ ಮುಚ್ಚಿದರೆ ಮಾತ್ರ ಈ ಲೆಕ್ಕವೆಲ್ಲ ಬದಿಗೆ ಸರಿದು, ಮಧ್ಯಮ ಹಂತದ ಬೆಳಕಿನಲ್ಲಿ ಏರಿದ ಜಾಡನ್ನೇ ಹಿಡಿದು ಇಳಿಯಬೇಕಾಗುತ್ತದೆ. ಎರಡನೆಯ ಚಳಿಗಾಲದಲ್ಲಿ ಒಂದು ರಾತ್ರಿ ಹಾಗೆಯೇ ಇಳಿದೆವು, ದೀಪ ಒಮ್ಮೆಯೂ ಕೈಕೊಡಲಿಲ್ಲ.

ಇಳಿಯುವ ಹೊತ್ತಿಗೆ ದೀಪ ಆರಿಸಿ ಹಣೆಯಲ್ಲೇ ಬಿಟ್ಟಿರುತ್ತೇನೆ. ಕಣ್ಣಿನ ನಡುಭಾಗದಲ್ಲಿ ಸರಳುಕೋಶಗಳಿಲ್ಲದ ಕಾರಣ ನೇರವಾಗಿ ದಿಟ್ಟಿಸಿದ ವಸ್ತು ಮಸುಕಾಗುತ್ತದೆ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಮತ್ತೆ ಮೂಡುತ್ತದೆ. ಹಾಗೆ ನೋಡುವುದನ್ನು ಕಲಿಯಲು ನನಗೆ ಒಂದು ಚಳಿಗಾಲ ಹಿಡಿಯಿತು. ಉಳಿದದ್ದನ್ನು ಕಿವಿ ಹೇಳುತ್ತದೆ. ಪುಡಿಹಿಮದ ಮೇಲೆ ಸ್ಕೀ ರೇಷ್ಮೆ ಸೀಳಿದಂತೆ ಸದ್ದು ಮಾಡುತ್ತದೆ. ಹಗಲು ಕರಗಿ ಇರುಳು ಹೆಪ್ಪುಗಟ್ಟಿದ ಕಡೆಗೆ ಬಂದ ಕೂಡಲೇ ಅದು ಗಾಜು ಕೆರೆದ ಸದ್ದಾಗುತ್ತದೆ, ಕಾಲು ತಾನಾಗಿ ವೇಗ ತಗ್ಗಿಸುತ್ತದೆ.

ಸಣ್ಣಪುಟ್ಟ ವಿಷಯಗಳಲ್ಲಿ ಈ ದೀಪ ಒಳ್ಳೆಯದೇ. ಪಟ್ಟಿ ಹೆಲ್ಮೆಟ್ಟಿನ ಮೇಲೂ ಟೋಪಿಯ ಮೇಲೂ ಜಾರದೆ ಕೂರುತ್ತದೆ. ಚೀಲದೊಳಗೆ ತಾನಾಗಿ ಹೊತ್ತಿಕೊಳ್ಳದಂತೆ ಗುಂಡಿಗೆ ಬೀಗದ ವ್ಯವಸ್ಥೆಯಿದೆ. ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ಮಾತ್ರ ಚಳಿಗೆ ಸೆಟೆದು ಮೂರನೆಯ ಚಳಿಗಾಲದಲ್ಲಿ ಕಿತ್ತುಬಂತು. ಹಗಲಿನಲ್ಲಿ ಸ್ಕೀಯಿಂಗ್ ಮಾಡಿ ಕತ್ತಲಾಗುವಾಗ ಮರಳುವವರಿಗೂ, ನಸುಕಿನಲ್ಲಿ ಹೊರಡುವವರಿಗೂ ಇದನ್ನು ಸಂಕೋಚವಿಲ್ಲದೆ ಕೊಳ್ಳಿ ಎನ್ನುತ್ತೇನೆ. ಐದಕ್ಕೆ ನಾಲ್ಕು ಅಂಕ. ಬೆಳದಿಂಗಳಿಗಾಗಿಯೇ ಹೊರಡುವವರ ಲೆಕ್ಕದಲ್ಲಿ ಗುಂಡಿಯ ದೋಷಕ್ಕಾಗಿ ಎರಡೂವರೆಗಿಂತ ಹೆಚ್ಚು ಕೊಡಲಾರೆ. ನಾನು ಈ ದೀಪವನ್ನು ಇನ್ನೂ ಬಿಟ್ಟಿಲ್ಲ. ಗಾಯಕ್ಕೆ ಹಾಕುವ ಬಿಳಿ ಟೇಪನ್ನು ಬಿಳಿ ಎಲ್‌ಇಡಿಯ ಗಾಜಿನ ಮೇಲೆ ಮೂರು ಪದರ ಅಂಟಿಸಿ, ಗವಸಿನ ಬೆರಳಿಗೆ ಸಿಗುವಂತೆ ಒಂದು ತುದಿಯನ್ನು ಮಡಚಿ ಬಿಟ್ಟಿದ್ದೇನೆ. ಈಗ ತಪ್ಪಿ ಒತ್ತಿದರೂ ಕಣ್ಣು ಕುರುಡಾಗುವುದಿಲ್ಲ, ಯಾರನ್ನಾದರೂ ಹುಡುಕಬೇಕಾಗಿ ಬಂದರೆ ಆ ತುದಿಯನ್ನು ಎಳೆದು ಟೇಪು ಕಿತ್ತುಹಾಕಲು ಒಂದು ಕ್ಷಣ ಸಾಕು. ಗುಂಪಿನ ಉಳಿದ ಮೂವರಿಗೂ ಆ ತುದಿ ಎಲ್ಲಿದೆ ಎಂದು ತೋರಿಸಿಕೊಟ್ಟಿದ್ದೇನೆ.